ಇಪ್ಪತ್ತನಾಲ್ಕನೆಯ ತಲೆ

ಮೂವತ್ತೊಂದು ವರ್ಷ ಊರಿನ ಜನರನ್ನೆಲ್ಲ ಬಸ್ಸಿಗೆ ಕೂಗಿ ಕರೆದ ಕಂಡಕ್ಟರರು ಮನೆಯಲ್ಲಿ ಹೆಂಡತಿಯನ್ನು ಮಾತ್ರ ಒಮ್ಮೆಯೂ ಬಾಯಿಬಿಟ್ಟು ಕರೆದವರಲ್ಲ. ಚಹಾ ಬೇಕಾದರೆ ಬಾಗಿಲಿಗೆ ನಾಣ್ಯದಿಂದ ಟಕಟಕ. ಹೊರಡುವ ಹೊತ್ತಾದರೆ ಒಂದು ಸೀಟಿ. ಆಕೆ ಅರ್ಧ ತಲೆ ಬಾಚಿಕೊಂಡಿದ್ದರೂ ಓಡಿ ಬರಬೇಕು. ನಿವೃತ್ತಿಯ ದಿನ ಚೀಲವನ್ನೂ ಟಿಕೆಟ್ ಯಂತ್ರವನ್ನೂ ಡಿಪೋಗೆ ಒಪ್ಪಿಸಿದರು. ಸೀಟಿ ಸ್ವಂತದ್ದು, ಕೊರಳಲ್ಲೇ ಉಳಿಯಿತು. ನಿವೃತ್ತಿ ಆದದ್ದು ವೃತ್ತಿಗೆ, ಪ್ರವೃತ್ತಿಗಲ್ಲ.

ಮದುವೆಯಾಗಿ ಮೂವತ್ತು ವರ್ಷವಾಯಿತೆಂದು ಮಗಳು ಆರು ದಿನದ ನದಿ ವಿಹಾರಕ್ಕೆ ಟಿಕೆಟ್ ತೆಗೆಸಿಕೊಟ್ಟಳು. ದಿನಕ್ಕೆ ಒಂದೆರಡು ಕಡೆ ಲಾಂಚು ದಡದಲ್ಲಿ ನಿಲ್ಲುತ್ತದೆ. ಇಳಿದು ಊರು ನೋಡಿ ಮತ್ತೆ ಹತ್ತುವುದು. ಸೂಟ್‌ಕೇಸಿನ ಜಿಪ್ಪು ಎಳೆಯುತ್ತ ಹೆಂಡತಿ ಹೇಳಿದಳು:

"ನೋಡಿ, ಈ ಸಲ ನನ್ನನ್ನ ಬಾಯಲ್ಲಿ ಕರೀಬೇಕು. ಒಂದೇ ಒಂದು ಸಲ ಸೀಟಿ ಊದಿದ್ರೂ ನಾನು ಮನೆಗೆ ವಾಪಸ್ ಬರಲ್ಲ. ಸೀದಾ ಅಕ್ಕನ ಮನೆಗೆ."

"ಅಕ್ಕನ ಮನೆಗೆ ಯಾವ ಬಸ್ಸು ಅಂತಾದ್ರೂ ಗೊತ್ತಾ ನಿಂಗೆ?"

"ಕೈ ಅಡ್ಡ ಹಿಡಿದ್ರೆ ಬಸ್ಸು ನಿಲ್ಲುತ್ತೆ ಕಣ್ರೀ. ನಿಲ್ಲದೇ ಇರೋದು ನೀವೊಬ್ರೇ."

ಸಂಸಾರ ಸಾಗರ ಎನ್ನುವವರು ಲಾಂಚಿನಲ್ಲಿ ಇವರಿಗೆ ಸಿಕ್ಕ ಕೋಣೆ ನೋಡಬೇಕಿತ್ತು. ಎರಡು ಮಂಚ, ನಡುವೆ ಒಂದು ಮೊಣಕಾಲಿನಷ್ಟು ಜಾಗ. ಆ ಮೊಣಕಾಲು ಯಾರದಾಗಬೇಕು ಎಂಬುದರ ಮೇಲೇ ಮೊದಲ ಜಗಳ.

ಮೊದಲ ದಡದಿಂದ ಹೊರಡುವಾಗ ಗೈಡ್ ಹುಡುಗಿ ಪಟ್ಟಿ ಹಿಡಿದು ತಡವರಿಸುತ್ತಿದ್ದಳು. "ಬಿಡಮ್ಮ, ತಲೆ ಎಣಿಸೋದು ನನ್ನ ಕೆಲಸ" ಎಂದು ಕಂಡಕ್ಟರರು ಮುಂದಾದರು. ಪಟ್ಟಿಯಲ್ಲಿ ಇಪ್ಪತ್ತನಾಲ್ಕು, ತಲೆ ಇಪ್ಪತ್ತಮೂರು. "ಹೋಲ್ಡಾನ್! ಒಬ್ಬರು ಕಡಿಮೆ!"

ಅರ್ಧ ಗಂಟೆ ಹುಡುಕಾಟ. ಅಂಗಡಿ ಸಾಲು ನೋಡಿದ್ದಾಯಿತು, ಕಕ್ಕಸಿನ ಬಾಗಿಲು ಬಡಿದದ್ದಾಯಿತು. ಕೊನೆಗೆ ಸಹಪ್ರಯಾಣಿಕರಾದ ಹಲ್ಲಿನ ಡಾಕ್ಟರು ಕೇಳಿದರು: "ಕಂಡಕ್ಟರೇ, ನಿಮ್ಮನ್ನ ಎಣಿಸಿದ್ರಾ?"

ಎಣಿಸಿರಲಿಲ್ಲ. ಬಸ್ಸಿನಲ್ಲಿ ಕಂಡಕ್ಟರನಿಗೆ ಟಿಕೆಟ್ಟಿಲ್ಲ. ಅವನನ್ನು ಎಣಿಸುವ ಪದ್ಧತಿಯೂ ಇಲ್ಲ. ಲಾಂಚಿಗೆ ಲಾಂಚೇ ನಕ್ಕಿತು. ಹಲ್ಲಿನ ಡಾಕ್ಟರು ಹಲ್ಲು ಬಿಟ್ಟರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಹೆಂಡತಿ: "ತಲೆ ಇದ್ದಿದ್ರೆ ತಾನೆ ಲೆಕ್ಕಕ್ಕೆ ಸಿಗೋದು!"

ಆ ನಗು ಕಂಡಕ್ಟರರ ಗಂಟಲಲ್ಲಿ ಮುಳ್ಳಾಗಿ ನಿಂತಿತು. ಮುಂದಿನ ಮೂರು ದಿನ ಆಕೆಯೊಂದಿಗೆ ಮಾತಿಲ್ಲ. ಎಣಿಕೆ ಮಾತ್ರ ಬಿಡಲಿಲ್ಲ. ಮೊದಲು ತಮ್ಮ ಎದೆ ಮುಟ್ಟಿ "ಒಂದು" ಎನ್ನುವರು, ಆಮೇಲೆ ಉಳಿದವರು.

ಐದನೆಯ ದಿನ ದಡಕ್ಕೆ ಇಳಿಯುವಾಗ ಆಕೆಯೇ ಮಾತಾಡಿದಳು. "ಟಿಕೆಟ್ ಮನೆ ಹಿಂದೆ ಒಂದು ಬೆಂಚಿದೆ, ಅಲ್ಲಿ ಕೂತಿರ್ತೀನಿ. ಹೊತ್ತಾದಾಗ ಬಂದು ಕರೀರಿ. ಬಾಯಲ್ಲಿ."

ನಲವತ್ತು ಹೆಜ್ಜೆಯ ದಾರಿ. ಹೊತ್ತಾಯಿತು. ಕಂಡಕ್ಟರರು ಲಾಂಚಿನ ಮೇಲೇ ನಿಂತು, ಟಿಕೆಟ್ ಮನೆಯ ಕಡೆ ತಿರುಗಿ ಸೀಟಿ ಊದಿದರು. ನಕ್ಕವಳು ನಡೆದುಕೊಂಡು ಬರಲಿ. ಇನ್ನೊಮ್ಮೆ ಊದಿದರು. ಮೂವತ್ತು ವರ್ಷ ಬಂದವಳು ಇವತ್ತೂ ಬಂದೇ ಬರುತ್ತಾಳೆಂದು, ತಿರುಗಿಯೂ ನೋಡದೆ ಎಣಿಕೆ ಶುರುಮಾಡಿದರು. ಇಪ್ಪತ್ತಮೂರು.

ಎದೆ ಮುಟ್ಟಿಕೊಂಡೆನೋ ಇಲ್ಲವೋ? ತಡವರಿಸಿದ್ದು ಡಾಕ್ಟರ ಕಣ್ಣಿಗೆ ಬಿತ್ತು. "ಮತ್ತೆ ನಿಮ್ಮನ್ನೇ ಮರೆತ್ರಾ?" ಇನ್ನೊಂದು ಸಲ ನಗೆಪಾಟಲಾಗುವುದಕ್ಕಿಂತ ಒಂದು ತಲೆ ಸೇರಿಸುವುದೇ ಸುಲಭ.

"ಇಪ್ಪತ್ತನಾಲ್ಕು! ರೈಟ್, ರೈಟ್!"

ಲಾಂಚು ಹೊರಟು ಅರ್ಧ ಗಂಟೆಯಾದ ಮೇಲೆ ಕೋಣೆಯ ಬಾಗಿಲಿಗೆ ನಾಣ್ಯ ಬಡಿದರು. ಬಾಗಿಲು ತೆಗೆದರೆ ಎರಡು ಮಂಚ, ನಡುವಿನ ಜಾಗವೆಲ್ಲ ಅವರದೇ. ಓಡಿಹೋಗಿ ಲಾಂಚು ನಡೆಸುವವನ ಕೈ ಹಿಡಿದರು. "ಹಿಂದಕ್ಕೆ ತಿರುಗಿಸಪ್ಪಾ!"

"ನೀವೇ ರೈಟ್ ಅಂದ್ರಲ್ಲ ಸಾರ್," ಅಂದ ಅವನು. "ಈಗ ಹರಿವಿಗೆ ಎದುರಾಗಿ ಹೋದ್ರೆ ಕತ್ತಲಾಗುತ್ತೆ. ಮುಂದಿನ ದಡದಲ್ಲಿ ನೋಡೋಣ." ದಡದ ರಸ್ತೆಯಲ್ಲಿ ಒಂದು ಬಸ್ಸು ಲಾಂಚನ್ನು ಹಿಂದೆ ಹಾಕಿ ಹೋಯಿತು.

ಮುಂದಿನ ದಡದಲ್ಲಿ, ಹಗ್ಗ ಕಟ್ಟುವ ಕಂಬದ ಪಕ್ಕ ಆಕೆ ನಿಂತಿದ್ದಳು.

"ನನ್ನ ಸೂಟ್‌ಕೇಸ್ ಕೊಡಿ."

"ಸೀಟಿ ಊದಿದ್ನಲ್ಲೇ! ಕೇಳಿಸ್ಲಿಲ್ವಾ?"

"ಕೇಳಿಸ್ತು. ಎರಡು ಸಲ. ಅದಕ್ಕೇ ಬರಲಿಲ್ಲ." ಕೈಯಲ್ಲಿದ್ದ ಬಸ್ ಟಿಕೆಟ್ ಮಡಚಿದಳು. "ಈ ಬಸ್ಸಲ್ಲೂ ಒಬ್ಬ ಕಂಡಕ್ಟರ್ ಇದ್ದ. 'ಅಮ್ಮಾ, ನಿಮ್ಮ ಸ್ಟಾಪ್ ಬಂತು, ನಿಧಾನ ಇಳೀರಿ' ಅಂದ. ಅವನ ನಾಲಿಗೆಯೇನೂ ಸವೀಲಿಲ್ಲ."

ಸೂಟ್‌ಕೇಸ್ ತಂದುಕೊಟ್ಟರು. ಆಕೆ ಅದನ್ನು ಎಳೆದುಕೊಂಡು ರಸ್ತೆಗೆ ಹೊರಟಳು. ಕಂಡಕ್ಟರರ ಕೈ ತಾನಾಗಿ ಸೀಟಿಗೆ ಹೋಯಿತು, ತುಟಿಗಿಟ್ಟು, ತೆಗೆದರು. ಬಾಯಲ್ಲಿ ಕರೆಯಲು ಬಾಯಿ ತೆರೆದರು. ಏನೆಂದು ಕರೆಯುವುದು? ಮೂವತ್ತು ವರ್ಷದಲ್ಲಿ ಒಂದು ಪದವೂ ರೂಢಿಯಾಗಿರಲಿಲ್ಲ. ಅಷ್ಟರಲ್ಲಿ ಅಕ್ಕನ ಊರಿನ ಬಸ್ಸು ಬಂತು. ಆಕೆ ಕೈ ಅಡ್ಡ ಹಿಡಿದಳು. ನಿಂತಿತು.

ಸಂಜೆ ಹೊರಡುವಾಗ ಗೈಡ್ ಹುಡುಗಿ ಕೇಳಿದಳು: "ಎಲ್ರೂ ಬಂದ್ರಾ ಸಾರ್?"

ಕಂಡಕ್ಟರರು ಎಣಿಸಿದರು. "ಇಪ್ಪತ್ತಮೂರು. ಒಬ್ಬರು ಕಡಿಮೆ."

"ನಿಮ್ಮನ್ನ ಎಣಿಸಿದ್ರಾ?" ಡಾಕ್ಟರು ಅಭ್ಯಾಸಬಲದಿಂದ ಕೇಳಿದರು.

"ಎಣಿಸಿದ್ದೀನಿ," ಅಂದರು ಕಂಡಕ್ಟರರು. "ಮೊದಲು ಎಣಿಸಿದ್ದೇ ನನ್ನನ್ನ."