ಹೊಳೆನರಸೀಪುರದಿಂದ ಕೊನೆಯ ತಪಾಸಣೆಗೆ

ಹೊಳೆನರಸೀಪುರದಲ್ಲಿ ಬೆಳಗಿನ ಬಸ್ಸು ಹತ್ತುವಾಗ ನನ್ನ ಹೆಂಡತಿ ಸುಧಾ ತಲೆ ತುಂಬ ಸೆರಗು ಹೊದ್ದಿದ್ದಳು. ರೇಡಿಯೇಷನ್‌ಗೆ ಉದುರಿದ್ದ ಕೂದಲು ಆಗಷ್ಟೇ ಚಿಗುರತೊಡಗಿತ್ತು. ಹಿಂದಿನ ವಾರ ಮಾಡಿಸಿದ್ದ ರಕ್ತಪರೀಕ್ಷೆ, ತಲೆ ಸ್ಕ್ಯಾನಿನ ಫಲಿತಾಂಶ ಸರಿಯಿದ್ದರೆ ಚಿಕಿತ್ಸೆ ಮುಗಿದಂತೆ ಎಂದು ಬೆಂಗಳೂರಿನ ಡಾಕ್ಟರು ಹೇಳಿದ್ದರು.

ಎಲ್ಲ ಶುರುವಾದದ್ದು ಅವಳ ಬಸಿರಿನಿಂದ. ಮದುವೆಯಾಗಿ ಬಹಳ ವರ್ಷಕ್ಕೆ ನಿಂತ ಗರ್ಭ ಅದು. ಅರಕಲಗೂಡಿನಿಂದ ನಮ್ಮತ್ತೆ ಬಸಿರಿ ಮಗಳಿಗೆಂದು ಹುಣಸೆಹಣ್ಣಿನ ಚಿಗಳಿ ಮಾಡಿ ತಂದಿದ್ದರು. ಹಾಸನದಲ್ಲಿ ಸ್ಕ್ಯಾನ್ ಮಾಡಿಸಿದರೆ ಒಳಗೆ ಮಗುವೇ ಇರಲಿಲ್ಲ. ದ್ರಾಕ್ಷಿ ಗೊಂಚಲಿನಂಥ ನೀರುಗುಳ್ಳೆಗಳಿದ್ದವು. ತೆಗೆಸಿದೆವು. ಕೆಲವು ತಿಂಗಳ ಮೇಲೆ ಅದರದೇ ಉಳಿಕೆ ರಕ್ತದಲ್ಲಿ ಹರಿದು, ಗೆಡ್ಡೆಯಾಗಿ ಅವಳ ಮಿದುಳಿನಲ್ಲಿ ಕಾಣಿಸಿತು. ತೀರ ಅಪರೂಪ ಎಂದರು. ಇಂಜೆಕ್ಷನ್ನುಗಳ ಜೊತೆ ತಲೆಗೆ ರೇಡಿಯೇಷನ್ ಕೊಟ್ಟರು.

ಚನ್ನರಾಯಪಟ್ಟಣದಲ್ಲಿ ಬೆಂಗಳೂರಿನ ಬಸ್ಸಿಗೆ ಬದಲಿಸಿದೆವು. ಅಲ್ಲಿನ ಹೋಟೆಲಿನ ಇಡ್ಲಿ ಬಿಸಿಯಾಗಿತ್ತು, ಸುಧಾಗೆ ಸೇರಲಿಲ್ಲ. ಹಿರೀಸಾವೆಯಲ್ಲಿ ಕೂಸನ್ನೆತ್ತಿಕೊಂಡ ಹೆಂಗಸೊಬ್ಬಳು ಹತ್ತಿ ಪಕ್ಕದಲ್ಲಿ ಕೂತಳು.

"ಅಕ್ಕ, ಕೂಸ್ನ ವಸಿ ಇಡ್ಕತೀರಾ? ಬ್ಯಾಗ್ ಮ್ಯಾಲಿಡ್ತೀನಿ."

ಸುಧಾ ಮಗುವನ್ನು ಮಡಿಲಿಗೆ ತೆಗೆದುಕೊಂಡಳು. ಅದು ಅವಳ ಬೆರಳು ಹಿಡಿದುಕೊಂಡು ಅಲ್ಲೇ ನಿದ್ದೆಹೋಯಿತು.

"ನಿಮ್ಗೆಷ್ಟ್ ಮಕ್ಳಕ್ಕ?"

"ಒಂದಿತ್ತು," ಅಂದಳು ಸುಧಾ.

ಅವಳ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು. ನಮ್ಮ ಮನೆಯಲ್ಲಿ ಎಲ್ಲರೂ ಅದನ್ನು 'ಆ ಕಾಯಿಲೆ' ಎನ್ನುತ್ತಿದ್ದೆವು. ಕುಣಿಗಲ್‌ನಲ್ಲಿ ಇಳಿಯುವ ತನಕ ಆ ಹೆಂಗಸು ಮಗುವನ್ನು ವಾಪಸು ಕೇಳಲಿಲ್ಲ.

ಆಸ್ಪತ್ರೆ ಮುಟ್ಟುವಷ್ಟರಲ್ಲಿ ಬಿಸಿಲೇರಿತ್ತು. ಡಾಕ್ಟರಮ್ಮ ವರದಿ ನೋಡಿ, "ಚೆನ್ನಾಗಿದೆ ಸುಧಾ. ಗೆಡ್ಡೆ ಕರಗಿದೆ," ಎಂದರು.

"ಮತ್ತೆ ಗರ್ಭಿಣಿ ಆಗ್ಬಹುದಾ ಮೇಡಂ?"

"ಇನ್ನೊಂದು ವರ್ಷ ಬೇಡ. ತಿಂಗಳಿಗೊಮ್ಮೆ ಹಾಸನದಲ್ಲೇ ರಕ್ತ ಪರೀಕ್ಷೆ ಮಾಡಿಸಿ. ಆಮೇಲೆ ಪ್ರಯತ್ನಿಸ್ಬಹುದು. ಆಗೇ ಆಗುತ್ತೆ ಅಂತ ಮಾತು ಕೊಡಲಾರೆ."

ಸುಧಾ ತಲೆಯಾಡಿಸಿದಳು. ಏಳಲು ಹೊರಟವರನ್ನು ಡಾಕ್ಟರು ಕೂರಿಸಿದರು. "ಇಂಥ ಗರ್ಭಗಳ ಬಗ್ಗೆ ಸಂಶೋಧನೆ ಮಾಡ್ತಿದೀವಿ. ನಮಗೆ ಗೊತ್ತಿರೋದು ಕಡಿಮೆ. ನಿಮ್ಮ ವಿಷಯ ಬರ್ಕೊಳ್ಳಲಾ? ಹೆಸರು ಹಾಕಲ್ಲ. ಮುಂದೆ ಬರೋ ಹೆಣ್ಮಕ್ಕಳಿಗೆ ಅನುಕೂಲ ಆಗುತ್ತೆ."

"ಬರ್ಕೊಳ್ಳಿ ಮೇಡಂ. ಆದ್ರೆ ಅದನ್ನ ಏನಂತ ಬರೀತೀರಿ? ಗೆಡ್ಡೆ ಅಂತ್ಲಾ?"

ಡಾಕ್ಟರು ಪೆನ್ನು ಕೈಗೆತ್ತಿಕೊಂಡರು. "ಗೆಡ್ಡೆ ಆಮೇಲೆ ಬಂದದ್ದು. ಅದು ನಿಮ್ಮ ಮೊದಲ ಗರ್ಭ. ಹಾಗೇ ಬರೀತೀನಿ."

"ಅಷ್ಟು ಸಾಕು," ಅಂದಳು. ಕಾರಿಡಾರಿಗೆ ಬಂದಮೇಲೆ ಗೋಡೆಗೊರಗಿ ಅತ್ತಳು. ರೇಡಿಯೇಷನ್ನಿನ ದಿನಗಳಲ್ಲೂ ಅಳದವಳು. ನನ್ನ ಕಣ್ಣೂ ತುಂಬಿತ್ತು. ಅವಳ ಭುಜ ಹಿಡಿದು ನಿಂತೆ.

ವಾಪಸು ಬರುವಾಗ ನೆಲಮಂಗಲ ದಾಟಿದ ಮೇಲೆ ಮೋಡ ಕವಿದು ತಂಗಾಳಿ ಬೀಸಿತು. ಸುಧಾ ಸೆರಗು ಸರಿಸಿ ಕಿಟಕಿಗೆ ತಲೆಯೊಡ್ಡಿದಳು. ಚನ್ನರಾಯಪಟ್ಟಣದಲ್ಲಿ ಇಳಿದು ಊರಿನ ಬಸ್ಸು ಹಿಡಿದಾಗ ಅಂಗಡಿಗಳಲ್ಲಿ ದೀಪ ಹಚ್ಚುತ್ತಿದ್ದರು.

"ಒಳೆನರ್ಸೀಪುರಕ್ಕೆ ಎಷ್ಟ್ ಟಿಕೆಟ್ ಸಾ?" ಕಂಡಕ್ಟರ್ ಕೇಳಿದ.

ನಾನು ಬಾಯಿ ತೆರೆಯುವ ಮೊದಲೇ ಸುಧಾ ಹೇಳಿದಳು: "ಸದ್ಯಕ್ಕೆ ಎರಡು."

ಅವನಿಗೆ ಅರ್ಥವಾಗಲಿಲ್ಲ. ಟಿಕೆಟ್ ಹರಿದುಕೊಟ್ಟು ಮುಂದೆ ಹೋದ.