ನನ್ನ ಮೊಣಕಾಲಿನ ಲಟಕ್

ಆಗ ನನಗೆ ಹದಿನೇಳು. ನಲವತ್ತು ವರ್ಷದ ಹಿಂದಿನ ಮಾತು. ಗಂಡನ ಹಟ್ಟಿಗೆ ಬಂದ ಮೊದಲ ತಿಂಗಳೇ ಆಲೂಗೆಡ್ಡೆ ಹೊಲದಲ್ಲಿ ಜಾರಿ ಮೊಣಕಾಲು ಕಲ್ಲಿಗೆ ಬಡಿಯಿತು. ಊತ ಬೇಗ ಇಳಿದರೂ ಬಗ್ಗಿದಾಗಲೆಲ್ಲ ನೋವು, ಜೊತೆಗೆ ‘ಲಟಕ್’ ಎಂಬ ಸದ್ದು. ನಮ್ಮಲ್ಲಿ ಹಿರಿಯರು ಎದುರಾದಾಗಲೆಲ್ಲ ಮೊಣಕಾಲು ಮಡಿಸಿ ಬಗ್ಗಿ ತಲೆಯೊಡ್ಡಬೇಕು, ಅವರು ಕೂತಲ್ಲಿಂದಲೇ ಮುಟ್ಟಿ ಹರಸಬೇಕು. ಸದ್ದು ಕೇಳಿದರೆ ಕುಂಟಿಯೆಂದು ತವರಿಗೆ ಅಟ್ಟುತ್ತಾರೆಂದು ಹೆದರಿ, ಜಗಲಿಯ ಮುದುಕರ ಕಣ್ಣು ತಪ್ಪಿಸಿ ಹಿತ್ತಿಲಲ್ಲೇ ಓಡಾಡಿದೆ.

ಒಂದು ದಿನ ಮಾವನ ಅಪ್ಪ ಹಿತ್ತಿಲಿಗೇ ಬಂದು ಕಲ್ಲಿನ ಮೇಲೆ ಕೂತರು. “ಏನ್ ಹೆಣ್ಣೇ, ನನ್ನ ಕೈ ನಿನ್ನ ತಲೆಗೆ ಭಾರವಾಯ್ತಾ?”

ಬಗ್ಗಿದೆ. ಲಟಕ್! “ಬಿದ್ದಿದ್ದೆ ಅಜ್ಜ, ತವರಿಗೆ ಮಾತ್ರ ಕಳಿಸಬೇಡಿ,” ಎಂದೆ.

ಅವರು ಎದ್ದು ನಿಂತರು. ಎರಡೂ ಮೊಣಕಾಲು ಲಟಲಟ ಎಂದವು. “ಒಂದೇ ಕಾಲಿಗೆ ಇಷ್ಟು ಬಿಂಕವಾ? ಸದ್ದಿಗೇ ಅಟ್ಟೋದಾದ್ರೆ ಈ ಹಟ್ಟೀಲಿ ಮೊದಲು ಹೊರಡೋನು ನಾನು. ವಾಸಿಯಾಗೋ ತನಕ ನಿಂತೇ ತಲೆ ಕೊಡು, ನಾವೇ ಏಳ್ತೀವಿ.”

ಹರಳೆಣ್ಣೆ ಹಚ್ಚಿ ಶಾಖ ಕೊಟ್ಟ ಮೇಲೆ ನೋವು ಹೋಯಿತು, ಸದ್ದು ಇನ್ನೂ ಇದೆ. ಹೆದರಿಕೆ ಅಂದೇ ಹೋಯಿತು. ಮರುದಿನ ಬೆಳಿಗ್ಗೆ ಜಗಲಿಯ ಮುಂದೆಯೇ ಹೋಗಿ, ಬಿಸಿಲು ಕಾಯುತ್ತಿದ್ದ ನಾಲ್ಕು ಮುದುಕರನ್ನೂ ಎಬ್ಬಿಸಿ ನಿಲ್ಲಿಸಿ ಹರಸಿಸಿಕೊಂಡೆ.