ಹತ್ತೇ ಹನಿ

ಹನಿಯಮ್ಮ, ವಯಸ್ಸು ಅರವತ್ತೆರಡು, ಮಕ್ಕಳಿಲ್ಲ. ಕುಟುಂಬವೆಂದರೆ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದ ಗಂಡನೊಬ್ಬನೇ. ಅವನಿಗೆ ನಿದ್ರೆಯ ಔಷಧಿ ದಿನಕ್ಕೆ ಹತ್ತೇ ಹನಿ, ಹೆಚ್ಚಾದರೆ ಉಸಿರು ನಿಂತೀತು ಎಂದು ವೈದ್ಯರು ಹೇಳಿದಂದಿನಿಂದ ಅವಳಿಗೆ ಈ ಅಡ್ಡಹೆಸರು ಅಂಟಿತು. ಶಿಲುಬೆಯ ಗುರುತು ಹಾಕಿಕೊಳ್ಳದೆ ಅವಳು ಸೀಸೆ ಮುಟ್ಟುತ್ತಿರಲಿಲ್ಲ. ಪಕ್ಕದ ಮನೆಯ ದರ್ಜಿಯ ಹೆಂಡತಿ ಬಂದು ನಿಲ್ಲದೆ ಮುಚ್ಚಳ ತೆಗೆಯುತ್ತಿರಲಿಲ್ಲ. ಬೀದಿಗೆಲ್ಲ ಕೇಳುವಂತೆ ಎಣಿಸುವಳು, ನಡುವೆ ಯಾರಾದರೂ ಕೆಮ್ಮಿದರೆ ಅಷ್ಟನ್ನೂ ಚೆಲ್ಲಿ ಮತ್ತೆ ಒಂದರಿಂದ ಆರಂಭಿಸುವಳು. “ಮುಗೀತೇನೇ ನಿನ್ನ ಪುರಾಣ, ಕಿವುಡಿ?” ಎಂದು ಗಂಡ ಒಳಗಿನಿಂದ ಗದರುವನು. ಅವಳ ಎಡಗಿವಿ ಕೆಟ್ಟದ್ದು ಅವನ ಏಟಿನಿಂದಲೇ ಎಂಬುದನ್ನು ದರ್ಜಿಯ ಹೆಂಡತಿ ಬಲ್ಲಳು. ಒಲೆಯ ಮೇಲೆ ಹಾಲಿಟ್ಟು ಓಡಿಬಂದ ಒಂದು ಸಂಜೆ ಆಕೆ ಸಿಡುಕಿಯೇಬಿಟ್ಟಳು: “ಹತ್ತು ಎಣಿಸೋಕೂ ಬರಲ್ವೇನಕ್ಕಾ ನಿಮಗೆ?” “ಹನ್ನೊಂದೂ ಬರುತ್ತೆ ಕಣೇ, ಮೂವತ್ತೂ ಬರುತ್ತೆ,” ಎಂದಳು ಹನಿಯಮ್ಮ. “ಒಬ್ಬಳೇ ಇದ್ರೆ ಸೈತಾನ ಈ ಸತ್ತ ಕಿವೀಲಿ ಮುಂದಕ್ಕೆ ಎಣಿಸ್ತಾನೇ ಹೋಗ್ತಾನೆ. ಯೇಸುಸ್ವಾಮಿ ಇವತ್ತಿನವರೆಗೂ ಹತ್ತಕ್ಕೇ ನನ್ನ ಕೈ ಹಿಡಿದಿದಾನೆ. ನಾಳೇದು ನಾಳೆ. ನೀನು ಬಾ.” ಅಂದಿನಿಂದ ಆಕೆ ಹಾಲು ಉಕ್ಕಿದರೂ ಬಂದು ನಿಲ್ಲುತ್ತಿದ್ದಳು. ಹನಿ ಎಣಿಸತೊಡಗಿದ ಹದಿನಾಲ್ಕನೆಯ ವರ್ಷ ಹನಿಯಮ್ಮನೇ ಮೊದಲು ತೀರಿಕೊಂಡಳು. ಬಿಟ್ಟುಹೋದದ್ದು ಎರಡು ಜೊತೆ ಬಟ್ಟೆ, ಅಂಚು ಸವೆದ ಪ್ರಾರ್ಥನೆಯ ಪುಸ್ತಕ, ಹನಿ ಹಾಕುವ ಗಾಜಿನ ಕೊಳವೆ, ಅರ್ಧ ಸೀಸೆ ಔಷಧಿ, ಮತ್ತು ಇನ್ನೂ ಬದುಕಿರುವ ಗಂಡ.